ಅಳತೆ ಮೊದಲು, ಹೊಟ್ಟೆ ಆಮೇಲೆ

…ಅಥವಾ ಅದು ಶಿರಾದ ಮೀನಿನಂಗಡಿ ಅಲ್ಲವೇ ಅಲ್ಲ, ಮಧುಗಿರಿಯಲ್ಲೇ, ಭಾನುವಾರ ಮಾತ್ರ ಟಾರ್ಪಾಲು ಕಟ್ಟುತ್ತಿದ್ದ ಅಂಗಡಿಯೇ ಇರಬಹುದು. ಅವರನ್ನು ಮೊದಲು ಎಲ್ಲಿ ನೋಡಿದಿರಿ ಎಂದು ಕೇಳಿದವರಿಗೆಲ್ಲ ಶಿರಾ ಎಂದೇ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದು ಗಟ್ಟಿಯಾಗಿಬಿಟ್ಟಿದೆ. ಆದರೆ ನನ್ನ ನೆನಪಿನಲ್ಲಿ ಅವರ ಬೆನ್ನ ಹಿಂದೆ ದೊಡ್ಡ ಬಂಡೆಯೊಂದು ನಿಂತಿದೆ, ಶಿರಾದಲ್ಲಿ ಅಂಥ ಬಂಡೆ ಇಲ್ಲ. ಬಂಡೆಯನ್ನು ನಾನೇ ಆಮೇಲೆ ತಂದು ನಿಲ್ಲಿಸಿದೆನೋ, ಮನುಷ್ಯನನ್ನು ತಂದು ಬಂಡೆಯ ಮುಂದೆ ನಿಲ್ಲಿಸಿದೆನೋ, ಈಗ ಹೇಳಲಾರೆ.

ಅವರ ಕೈಯಲ್ಲಿದ್ದದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ. ಒಂದು ಮುತ್ತುಗದ ಎಲೆ, ಅದರ ಮೇಲೆ ಬೂತಾಯಿ ಮೀನಿನ ಕರುಳು. ಮೀನಲ್ಲ, ಬರೀ ಕರುಳು, ಮತ್ತು ಅದಕ್ಕಂಟಿದ ಮೊಟ್ಟೆಯ ಚೀಲ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟ ಅರವತ್ತರ ಮೇಲಿನ ಮನುಷ್ಯ, ಅಂಗಡಿಗೆ ಬೆನ್ನು ಹಾಕಿ ನಿಂತು, ಆ ಚೀಲವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉರುಳಿಸಿ ನೋಡುತ್ತಿದ್ದರು.

"ನೋಡಿ ಮೇಡಂ," ಎಂದರು ಮೀನು ಕೊಯ್ಯುವ ಸಾಬರು ನನಗೆ. "ಮೀನು ಬುಟ್ಟು ಕಚ್ರಾ ಕೇಳೋ ಗಿರಾಕಿ ನಮ್ಗೆ ಇವ್ರೊಬ್ರೇ. ಮುಖ ಆ ಕಡೆ ತಿರುಗಿಸ್ಕೊಂಡು ನಿಂತ್ಕೊಂತಾರೆ, ನಾನು ಕೊಯ್ದು ಕೈಗೆ ಕೊಡ್ಬೇಕು. ಮೀನು ಮೊದ್ಲೇ ತೋರಿಸ್ಬುಟ್ರೆ ಬೈತಾರೆ."

"ಏಳು," ಎಂದರು ಅವರು, ತಮಗೇ ಎಂಬಂತೆ. ಆಮೇಲಷ್ಟೇ ತಿರುಗಿ, ಹಲಗೆಯ ಮೇಲಿದ್ದ ಮೀನನ್ನು ನೋಡಿದರು. ಅದು ತೀರ ಗಿಡ್ಡ ಮೀನು. "ಅಯ್ಯೋ, ಇಷ್ಟೇನಾ ಇವ್ಳು," ಎಂದರು.

"ಏನ್ ಏಳು ಸಾರ್? ಬಂದಾಗೆಲ್ಲ ಏಳು, ಎರಡು, ಏಳು, ಎರಡು. ಓಸಿ ಮಟ್ಕಾ ನಂಬರಾ?"

"ನಿಂಗ್ಯಾಕಯ್ಯಾ ಅದೆಲ್ಲ. ಕೊಯ್ಯಿ ಇನ್ನೊಂದು."

ನಾನು ಮಧುಗಿರಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಏಳು ಎಂದರೇನೆಂದು ನನಗೆ ಗೊತ್ತಿತ್ತು, ಪುಸ್ತಕದಿಂದ. ಪುಸ್ತಕದ ಹೊರಗೆ ಆ ಅಂಕಿಯನ್ನು ಕೇಳಿದ್ದು ಅದೇ ಮೊದಲು. ಹೋಗಿ ಮಾತಾಡಿಸಿದೆ. ಕರಾವಳಿಯ ಮೀನು ಸಂಶೋಧನೆಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಟೆಕ್ನಿಷಿಯನ್ ಆಗಿದ್ದವರು, ನಿವೃತ್ತಿಯಾಗಿ ಬರಗೂರಿನ ಕಡೆಯ ತಮ್ಮ ಊರಿಗೆ, ಗಂಡ ತೀರಿಕೊಂಡ ತಂಗಿಯ ಜೊತೆ ಇರಲು ಬಂದಿದ್ದರು. ಕುರಿ ಸಾಕುವವರ ಮನೆ. ಸಮುದ್ರವನ್ನು ಕಣ್ಣಿಂದ ನೋಡಿದ್ದೇ ಕೆಲಸಕ್ಕೆ ಸೇರಿದ ದಿನವಂತೆ. ಹೆಸರು ಹೇಳಿದರು. ಇಲ್ಲಿ ಅದನ್ನು ಬರೆಯುವುದಿಲ್ಲ. ತಪ್ಪು ಮಾಡಿದ್ದೇನೆ ಎಂದು ನಂಬಿದ್ದ ಮನುಷ್ಯನ ಹೆಸರನ್ನು, ತಪ್ಪು ನಿಜವೋ ಅಲ್ಲವೋ ಗೊತ್ತಿಲ್ಲದ ನಾನು ಬರೆಯಬಾರದು ಅನ್ನಿಸುತ್ತದೆ. ಊರಲ್ಲಿ ಅವರನ್ನು ಸಮುದ್ರದಯ್ಯ ಎನ್ನುತ್ತಿದ್ದರು, ಅದೂ ಹಿಂದಿನಿಂದ.

ಆ ವರ್ಷ ಅವರನ್ನು ನಮ್ಮ ಪ್ರಯೋಗಾಲಯಕ್ಕೆ ಕರೆದೆ. ಮಂಜುಗಡ್ಡೆಯ ಡಬ್ಬದಲ್ಲಿ ತಾವೇ ಮೀನು ತಂದರು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಸರ್, ಇದು ಪ್ರಾಕ್ಟಿಕಲ್ಲಾ, ಫ್ರೈನಾ?" ಎಂದ.

"ಮೊದ್ಲು ಓದು, ಆಮೇಲೆ ಫ್ರೈ ಮಾಡ್ಕೊ. ಓದಿದ್ ಮೀನಿಗೆ ರುಚಿ ಜಾಸ್ತಿ ಕಣ್ಲಾ."

ಹೆಣ್ಣು ಮೀನಿನ ಮೊಟ್ಟೆಚೀಲಕ್ಕೆ ಏಳು ಹಂತಗಳೆಂದು ಅವರು ಹೇಳಿಕೊಟ್ಟ ರೀತಿ ನನಗೆ ಎಂದೂ ಬರಲಿಲ್ಲ. ಒಂದು, ನೂಲಿನೆಳೆ. ಎರಡು, ಇನ್ನೂ ಮೊಟ್ಟೆ ಇಡದ ಮರಿ, ಕೈಗೆ ಏನೂ ಸಿಗುವುದಿಲ್ಲ. ಐದಕ್ಕೆ ಬರುವಾಗ ಹೊಟ್ಟೆಯಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ. ಆರು, ಮುಟ್ಟಿದರೆ ಹರಿಯುತ್ತದೆ. ಏಳು, ಇಟ್ಟು ಮುಗಿಸಿದ ತಾಯಿ, ಸೋರಿಹೋದ ಚೀಲ. ಮಳೆಗಾಲ ಹಿಡಿಯುವ ಹೊತ್ತಿಗೆ ಬೂತಾಯಿ ಮೊಟ್ಟೆ ಬಿಡುತ್ತದೆ ಎಂದೂ, ಆ ಹೊತ್ತಿಗೇ ಮಳೆಗಾಳಿ ಕಡಲಿನ ಅಡಿಯ ತಣ್ಣೀರನ್ನು ಮೇಲೆ ತಂದು ಮರಿಗಳಿಗೆ ತಿನ್ನಲು ಹಸುರು ಹುಟ್ಟಿಸಬೇಕೆಂದೂ ವಿವರಿಸಿದರು. "ನಾವ್ ಕಡ್ಲೆಕಾಯಿ ಬಿತ್ತಲ್ವಾ, ಅಂಗೇ. ಬೀಜ ಚೆಲ್ಲಿದ್ ಮೇಲೆ ಹದ ಸಿಕ್ಬೇಕು. ನೀರು ಬಿಸಿ ಆದ ವರ್ಷ ಕಡಲಿಗೂ ಹದ ತಪ್ತದೆ."

ಒಬ್ಬಳು ಕೇಳಿದಳು: "ಸರ್, ಏಳಾದ ಮೇಲೆ?"

"ಏಳಾದ್ಮೇಲೆ ಸ್ವಲ್ಪ ದಿನಕ್ಕೆ ಚೀಲ ಕುಗ್ಗಿ, ಮತ್ತೆ ಎರಡರ ಥರಾನೇ ಕಾಣ್ತದೆ."

"ಆಗ ಮರಿ ಯಾವುದು, ತಾಯಿ ಯಾವುದು ಅಂತ ಹೆಂಗ್ ಗೊತ್ತಾಗುತ್ತೆ?"

ಅವರು ಸಿಂಕಿನ ಕಡೆ ಹೋಗಿ ಕೈ ತೊಳೆದರು. ಬಹಳ ಹೊತ್ತು ತೊಳೆದರು ಎಂದು ನೆನಪು. ಬಹಳ ಹೊತ್ತು ಎಂಬುದನ್ನು ನಾನು ಆಮೇಲೆ ಸೇರಿಸಿಕೊಂಡಿರುವ ಸಾಧ್ಯತೆ ಇದೆ. ಮುಂದಿನದೆಲ್ಲ ತಿಳಿದ ಮೇಲೆ ಹಿಂದಿನದನ್ನು ಉದ್ದ ಮಾಡುವುದು ಸುಲಭ.

ಅವರ ತಂಗಿಗೆ ಅಣ್ಣನನ್ನು ಕಂಡರೆ ಪ್ರೀತಿಯೂ ತಾತ್ಸಾರವೂ ಒಟ್ಟಿಗೇ. "ಮೂವತ್ತೊರ್ಸ ಸಮುದ್ರದ್ ದಡದಾಗಿದ್ದ ಕಣಮ್ಮ, ಈಜಾಕ್ ಬರಾಕಿಲ್ಲ. ನಮ್ಮೂರ ಬಾವಿಗೆ ಬಿದ್ರೂ ನಾನೇ ಹಗ್ಗ ಬುಡ್ಬೇಕು," ಎಂದು ನಗುತ್ತಿದ್ದರು. ಸೋಮವಾರ ಮೀನು ಮುಟ್ಟಿದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಸೋಮವಾರ ಅವರು ಕುರಿರೊಪ್ಪದ ಹತ್ತಿರ ಹೋಗಿ ಕೂರುತ್ತಿದ್ದರು. ತಂಗಿಯ ಮಗನ ಕುರಿಗಳಲ್ಲಿ ಯಾವುದು ಗಬ್ಬ, ಯಾವುದು ಬರಡು ಎಂದು ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಹೇಳಿಬಿಡುವರು. ತಪ್ಪಿದ್ದನ್ನು ನಾನು ಕಾಣೆ. ಒಮ್ಮೆ ಮೆಚ್ಚಿಕೊಂಡೆ. "ಈ ಅಂಗೈನಿಂದ್ಲೇ ಕೆಟ್ಟಿದ್ದು," ಎಂದರು. ಆಗ ಅರ್ಥವಾಗಲಿಲ್ಲ.

ಪಾವಗಡದ ಕಡೆ ಒಂದು ಮದುವೆಗೆ ಒಟ್ಟಿಗೆ ಹೋಗಿದ್ದೆವು, ನಾನು, ಅವರು, ಅವರ ತಂಗಿ. ಬಸ್ಸು ರಾಯಚರ್ಲು ದಾಟುವಾಗ ಸೌರಫಲಕಗಳ ಬಯಲು ಬಂತು, ಮುಗಿಯದಷ್ಟು, ಬಿಸಿಲಿಗೆ ನೀಲಿ. ಪಕ್ಕದ ಸೀಟಿನ ಹೆಂಗಸಿಗೆ ಇವರು ಸಮುದ್ರದ ಕೆಲಸದವರೆಂದು ತಂಗಿ ಆಗಲೇ ಹೇಳಿ ಮುಗಿಸಿದ್ದರು. ಸಮುದ್ರವೂ ಹೀಗೇ ಇರುತ್ತದಾ ಎಂದು ಆಕೆ ತೆಲುಗಿನಲ್ಲಿ ಕೇಳಿದಳು: "ಏಮಿ ಸಾಮೀ, ಸಮುದ್ರಂ ಇಟ್ಲೇನಾ ಉಂಟುಂದಿ?"

"ಇಲ್ಲ ತಾಯಿ. ಇದನ್ನ ಎಷ್ಟು ಅಂತ ಎಣಿಸ್ಬೌದು," ಎಂದರು ಅವರು. ಆ ಹೆಂಗಸು ನಕ್ಕಳು. ಅವರು ನಗಲಿಲ್ಲ.

ತಪ್ಪಿನ ವಿಷಯ ಹೇಳಿದ್ದು ಒಂದು ಮಧ್ಯಾಹ್ನ, ಅವರ ಮನೆಯ ಜಗಲಿಯಲ್ಲಿ. ಒಂದೇ ಸಲಕ್ಕೆ ಹೇಳಿದರು ಎಂದು ಬರೆದರೆ ಅಚ್ಚುಕಟ್ಟಾಗುತ್ತದೆ, ಆದರೆ ಹಾಗೆ ಆಗಲಿಲ್ಲ. ಮೂರ್ನಾಲ್ಕು ಭೇಟಿಗಳಲ್ಲಿ ಚೂರುಚೂರಾಗಿ ಬಂತು. ಒಮ್ಮೆ ತಪ್ಪಿದ್ದು ಮೂರು ಹಂಗಾಮು ಎಂದರು, ಇನ್ನೊಮ್ಮೆ ಎರಡು. ನಾನಿಲ್ಲಿ ಒಂದು ಮಧ್ಯಾಹ್ನಕ್ಕೆ ಕಟ್ಟುತ್ತಿದ್ದೇನೆ.

ಬಂದರಿನ ಕೆಲಸ ಹೀಗಿತ್ತಂತೆ. ದೋಣಿ ಬಂದ ಕೂಡಲೇ ಒಂದು ಬುಟ್ಟಿ ಮೀನು ಕೊಂಡು ಮೇಜಿಗೆ ಹಾಕುವುದು. ಒಬ್ಬ ಅಳತೆಯ ಹಲಗೆಯ ಮೇಲೆ ಮೀನು ಮಲಗಿಸಿ ಸೆಂಟಿಮೀಟರಿನಲ್ಲಿ ಉದ್ದ ಕೂಗುವುದು. ಇವರು ಹೊಟ್ಟೆ ಸೀಳಿ, ಚೀಲ ನೋಡಿ, ಹಂತದ ಅಂಕಿ ಹೇಳುವುದು. ಇನ್ನೊಬ್ಬ ಎರಡನ್ನೂ ಬರೆದುಕೊಳ್ಳುವುದು. ಅಳತೆ ಮೊದಲು, ಹೊಟ್ಟೆ ಆಮೇಲೆ. ಯಾವಾಗಲೂ ಹಾಗೇ, ಎಲ್ಲರೂ ಹಾಗೇ.

"ಅವ್ನು ಹದಿಮೂರು ಅಂತ ಕೂಗೋನು. ಕೂಗಿದ್ ಕೂಡ್ಲೆ ನನ್ ಬಾಯಿ ಎರಡು ಅನ್ನೋದು. ಕಣ್ಣು ಇನ್ನೂ ನೋಡಿರ್ತಿರ್ಲಿಲ್ಲ ಕಣಮ್ಮ. ಕುರಿ ಸಾಕ್ದೋನ ತಲೆ ಇದು. ಗಿಡ್ಡ ಇದ್ರೆ ಮರಿ. ಮರಿ ಎಲ್ಲಾದ್ರೂ ಈಯ್ತದಾ?"

ಸಮುದ್ರ ಬಿಸಿಯಾಗುತ್ತಿದ್ದ ವರ್ಷಗಳು ಅವು. ಬಲೆಗಳೂ ದೊಡ್ಡದಾಗಿದ್ದವು, ದೊಡ್ಡ ಮೀನೆಲ್ಲ ಮೊದಲೇ ಹೋಗುತ್ತಿತ್ತು. ಅಂಥ ಕಾಲದಲ್ಲಿ ಮೀನು ಬೆಳೆಯುವುದನ್ನು ಅರ್ಧಕ್ಕೇ ಬಿಟ್ಟು, ಇರುವ ಕಸುವನ್ನೆಲ್ಲ ಮೊಟ್ಟೆಗೆ ಹಾಕುತ್ತದೆ. ಗಿಡ್ಡವಾಗಿದ್ದಾಗಲೇ ತಾಯಾಗುತ್ತದೆ. ಚಿಕ್ಕ ಹೊಟ್ಟೆಯಲ್ಲಿ ಹಿಡಿಯುವ ಮೊಟ್ಟೆಯೂ ಕಡಿಮೆ. ಇದು ಈಗ ನನ್ನ ವಿದ್ಯಾರ್ಥಿಗಳಿಗೂ ಗೊತ್ತು. ಆಗ ಬಂದರಿನ ಮೇಜಿನ ಮುಂದೆ ನಿಂತವರಿಗೆ ಅದನ್ನು ಹೇಳಬೇಕಾಗಿದ್ದದ್ದು ಆ ಚೀಲವೇ. ಇವರು ಎರಡು ಎಂದು ಬರೆದ ಗಿಡ್ಡ ಮೀನುಗಳು ನಿಜಕ್ಕೂ ಏಳು ಮುಗಿಸಿ ಕುಗ್ಗಿದವಾಗಿದ್ದರೆ? ಪಟ್ಟಿಯಲ್ಲಿ ಕಡಲ ತುಂಬ ಮರಿಗಳಿದ್ದವು, ಮುಂದಿನ ಮಳೆಗೆ ತಾಯಾಗಲಿದ್ದವು. ಕಡಲಲ್ಲಿ ಇದ್ದದ್ದು ಆಗಲೇ ಮೊಟ್ಟೆ ಇಟ್ಟು ಮುಗಿಸಿದ ಗಿಡ್ಡ ತಾಯಂದಿರು, ಅವರ ಹಿಂದೆ ಯಾರೂ ಇಲ್ಲ.

"ಮಕ್ಳು ಅಂತ ಬರೆದೆ. ಅವು ಬಾಣಂತೀರು ಕಣಮ್ಮ."

ಬಂದರಿನಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸೊಬ್ಬಳು ದಿನವೂ ಇವರ ಮೇಜಿನ ಹತ್ತಿರ ನಿಲ್ಲುತ್ತಿದ್ದಳಂತೆ. ಈ ಸಲ ಮೀನು ಗಿಡ್ಡ ಯಾಕೆ ಎಂದು ಅವಳು ಕೇಳಿದಾಗ, "ಇವೆಲ್ಲ ಮಕ್ಳು ಅಮ್ಮ, ಮುಂದಿನ ವರ್ಷ ನೋಡಿ, ಬುಟ್ಟಿ ಸಾಕಾಗಾಕಿಲ್ಲ," ಎಂದಿದ್ದರು. ಮುಂದಿನ ವರ್ಷ ಬೂತಾಯಿ ಬರಲಿಲ್ಲ. ಅದರ ಮುಂದಿನ ವರ್ಷವೂ ಸರಿಯಾಗಿ ಬರಲಿಲ್ಲ. ಅವಳು ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು, ಇವರನ್ನು ಕಂಡಾಗಲೆಲ್ಲ, "ಎಲ್ಲಿ ಉಂಟು ಮಾರಾಯ್ರೇ ನಿಮ್ಮ ಮಕ್ಕಳು? ಇನ್ನೂ ಶಾಲೆ ಬಿಡ್ಲಿಲ್ವಾ?" ಎನ್ನುತ್ತಿದ್ದಳು.

ಅವಳ ಮಾತನ್ನು ಕರಾವಳಿಯ ರಾಗದಲ್ಲೇ ಆಡಿ ತೋರಿಸಿದರು. ಆಡುವಾಗ ನಕ್ಕರು ಕೂಡ. ಒಂದು ಮಳೆಗಾಲದ ನಂತರ ಅವಳು ಬರುವುದನ್ನು ನಿಲ್ಲಿಸಿದಳು. ಎಲ್ಲಿಗೆ ಹೋದಳೆಂದು ಕೇಳುವ ಧೈರ್ಯ ತಮಗಾಗಲಿಲ್ಲ ಎಂದರು.

ಕಚೇರಿಯಲ್ಲಿ ಹೇಳಲಿಲ್ಲವೇ ಎಂದು ಕೇಳಿದೆ. ಹೇಳಿದ್ದರಂತೆ. ಮೇಲಿನವರು ಒಳ್ಳೆಯವರೇ. ಒಬ್ಬರ ಕಣ್ಣಿನ ತಪ್ಪಿನಿಂದ ಕಡಲು ಖಾಲಿಯಾಗುವುದಿಲ್ಲ, ನೀರು ಬಿಸಿಯಾಗಿದೆ, ಗಾಳಿ ಬದಲಾಗಿದೆ, ಕಾರಣ ನೂರಿರುತ್ತವೆ ಎಂದು ಸಮಾಧಾನ ಹೇಳಿ ಕಳಿಸಿದರಂತೆ. "ಅವ್ರು ಹೇಳಿದ್ದು ಸರೀನೆ. ನೂರು ಕಾರಣ. ಅದ್ರಾಗೆ ನಂದು ಎಷ್ಟನೇದು ಅಂತ ಕೇಳ್ದೆ. ನಕ್ಬುಟ್ರು."

ಮೀನಿನಂಗಡಿಯಲ್ಲಿ ಮುಖ ತಿರುಗಿಸಿ ನಿಲ್ಲುತ್ತಿದ್ದದ್ದು ಇದಕ್ಕೆ. ಉದ್ದ ಗೊತ್ತಿಲ್ಲದೆ ಚೀಲ ನೋಡಿದರೆ ತನ್ನ ಕಣ್ಣು ಏನು ಹೇಳುತ್ತದೆ ಎಂಬ ಪರೀಕ್ಷೆ, ನಿವೃತ್ತಿಯಾದ ಮೇಲೆ, ಕಡಲಿನಿಂದ ಇಷ್ಟು ದೂರ ಬಂದು.

ಆಮೇಲೆ ಒಂದು ದಿನ ಬಟ್ಟೆಯ ಚೀಲದಲ್ಲಿ ಹನ್ನೊಂದು ಗಾಜಿನ ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟರು. ಆ ಹಂಗಾಮುಗಳ ಗಿಡ್ಡ, ದೊಡ್ಡ ಮೀನುಗಳ ಮೊಟ್ಟೆಚೀಲಗಳು, ಫಾರ್ಮಾಲಿನ್ ದ್ರಾವಣದಲ್ಲಿ. ಕಚೇರಿ ಜಾಗ ಬದಲಿಸುವಾಗ ಎಸೆಯಲು ಇಟ್ಟಿದ್ದವನ್ನು ಕೇಳಿ ತಂದಿದ್ದರು. ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರಿ ಯಾವುದು ತಾಯಿ ಯಾವುದು ತಿಳಿಯುತ್ತದೆ. ಒಮ್ಮೆ ಮೊಟ್ಟೆ ಇಟ್ಟ ಚೀಲದ ಗೋಡೆ ದಪ್ಪಗಾಗಿರುತ್ತದೆ, ಕುಗ್ಗಿದರೂ ಆ ದಪ್ಪ ಹೋಗುವುದಿಲ್ಲ. ಕೈಗೆ, ಬರಿಗಣ್ಣಿಗೆ ಸಿಗದ್ದು ಅದು.

"ನಿಧಾನಕ್ ನೋಡಮ್ಮ. ಅವ್ಸರ ಏನಿಲ್ಲ," ಎಂದರು.

ಆ ಮಾತನ್ನು ನಾನು ಅಕ್ಷರಶಃ ತೆಗೆದುಕೊಂಡೆ. ನಮ್ಮ ಕಾಲೇಜಿನ ಕೊಯ್ಯುವ ಯಂತ್ರ ತುಕ್ಕು ಹಿಡಿದಿತ್ತು. ಪರೀಕ್ಷೆ ಬಂತು, ಚುನಾವಣೆಯ ಕೆಲಸ ಬಂತು, ಕಾಲೇಜಿನ ತಪಾಸಣೆಗೆ ನ್ಯಾಕ್ ಸಮಿತಿ ಬಂತು. ಬಾಟಲಿಗಳು ಕಪಾಟಿನಲ್ಲಿ ಎರಡು ಬೇಸಿಗೆ ಕಳೆದವು. ಸಿಕ್ಕಾಗ ಅವರು ಕೇಳುತ್ತಿರಲಿಲ್ಲ. ನಾನೇ ತೋವಿನಕೆರೆಯ ಹಲಸಿನ ವಿಷಯವೋ ಮಳೆಯ ವಿಷಯವೋ ಎತ್ತಿ, ಅವರು ಕೇಳದಂತೆ ನೋಡಿಕೊಂಡೆ ಅನ್ನುವುದು ಹೆಚ್ಚು ನಿಜ.

ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ಆಸ್ಪತ್ರೆಯವರು ಮನೆಗೆ ಕರೆದೊಯ್ಯಿರಿ ಎಂದಿದ್ದಾರೆ ಎಂದು ಅವರ ತಂಗಿ ಫೋನ್ ಮಾಡಿದಾಗ ಕಪಾಟು ತೆಗೆದೆ. ಹನ್ನೊಂದರಲ್ಲಿ ಏಳು ಬಾಟಲಿಗಳ ಮುಚ್ಚಳ ತಿಂದುಹೋಗಿ ದ್ರಾವಣ ಆರಿತ್ತು. ಒಳಗಿನದು ಹುಣಿಸೆಬೀಜದಂತೆ ಗಟ್ಟಿ. ಬರುವಾಗಲೇ ಹಾಗಿದ್ದವೋ, ನನ್ನ ಕಪಾಟಿನಲ್ಲಿ ಒಣಗಿದವೋ ನೆನಪಿಲ್ಲ. ಬಂದ ದಿನ ಎತ್ತಿ ನೋಡಿದ್ದರೆ ತಾನೇ ನೆನಪಿರುವುದು.

ಉಳಿದ ನಾಲ್ಕನ್ನು ತುಮಕೂರಿನ ಪರಿಚಯದ ಲ್ಯಾಬಿನಲ್ಲಿ ಕೊಯ್ಯಿಸಿದೆ. ಮೂರರಲ್ಲಿ ಏನೂ ಓದಲಾಗಲಿಲ್ಲ, ಅಂಗಾಂಶವೆಲ್ಲ ಪುಡಿ. ನಾಲ್ಕನೆಯದರಲ್ಲಿ ಕಂಡಿತು. ಗೋಡೆ ದಪ್ಪಗಿತ್ತು, ಮಡಿಕೆ ಬಿದ್ದಿತ್ತು. ತಾಯಿ. ಆದರೆ ಎಷ್ಟುದ್ದದ ಮೀನಿನದು? ಬಾಟಲಿಯೊಳಗಿನ ಚೀಟಿಯನ್ನು ಯಾರೋ ಪೆನ್ನಿನಲ್ಲಿ ಬರೆದಿದ್ದರು, ಶಾಯಿ ಪೂರ್ತಿ ಹರಡಿತ್ತು. ಅದು ಗಿಡ್ಡ ಮೀನಾಗಿದ್ದರೆ ಅವರ ಭಯ ನಿಜ. ದೊಡ್ಡದಾಗಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಹೋದಾಗ ಬೆಳಗಿನ ಹತ್ತು ಗಂಟೆ. ಅವರು ಜಗಲಿಯ ಮಂಚದ ಮೇಲಿದ್ದರು, ದುಪ್ಪಟಿಯ ಕೆಳಗೆ ಅರ್ಧದಷ್ಟೇ ಉಳಿದ ಮನುಷ್ಯ. ತಂಗಿ ರಾಗಿ ಗಂಜಿಯ ಲೋಟ ಹಿಡಿದು ಪಕ್ಕದಲ್ಲಿ ಕೂತಿದ್ದರು. ನಾನು ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿರಲಿಲ್ಲ ಎಂದರೆ ಸುಳ್ಳು. ಯೋಚಿಸಿದ್ದೆ, ಗೊತ್ತಾಗಲಿಲ್ಲ ಸರ್ ಎನ್ನಬೇಕೆಂದೇ ಹೊರಟಿದ್ದೆ.

"ಏನ್ ಕಾಣ್ತಮ್ಮ?"

"ಗಿಡ್ಡವೆಲ್ಲ ಎರಡೇ ಸರ್. ನೀವು ಬರೆದದ್ದೇ ಸರಿ."

"ಗೋಡೆ?"

"ತೆಳ್ಳಗಿತ್ತು."

"ಎಲ್ಲಾದ್ರಾಗೂ?"

"ಎಲ್ಲದರಲ್ಲೂ."

"ಕೇಳಿಸ್ಕಂಡ್ಯೇನಣ್ಣಾ?" ಎಂದರು ತಂಗಿ. ಅವರ ಮುಖ ಅರಳಿತ್ತು. "ನಿಂದೇನೂ ತಪ್ಪಿಲ್ವಂತೆ. ಇಷ್ಟ್ ವರ್ಸ ಸುಮ್ನೆ ಜೀವ ತಿಂದ್ಕಂಡೆ. ಇನ್ನಾರ ಎಲ್ಡ್ ಗುಟುಕು ಕುಡಿ."

ಅವರು ಲೋಟ ತಳ್ಳಲಿಲ್ಲ, ತೆಗೆದುಕೊಳ್ಳಲೂ ಇಲ್ಲ. ಬಾಗಿಲ ಕಡೆ ನೋಡುತ್ತಿದ್ದರು.

"ಅಂಗಾದ್ರೆ ಮೀನು ಯಾಕ್ ಬರ್ಲಿಲ್ಲ ಕಣಮ್ಮ?"

ನೀರು ಬಿಸಿಯಾಗಿತ್ತಲ್ಲ ಸರ್ ಎಂದೆ.

"ಬಿಸಿ ಆಗಿದ್ದು ನಂಗೂ ಗೊತ್ತು. ಮರಿ ಇದ್ವು ಅಂತೀಯ. ಅಷ್ಟೊಂದ್ ಮರಿ ಇದ್ವು. ಇದ್ ಮರಿ ಎಲ್ಲೋದ್ವು?"

ತಮ್ಮ ತಪ್ಪೆಂದು ನಂಬಿದ್ದಷ್ಟು ದಿನ ಅವರ ಹತ್ತಿರ ಒಂದು ಉತ್ತರವಿತ್ತು. ಮರಿಗಳೇ ಇರಲಿಲ್ಲ, ಅದಕ್ಕೇ ಬರಲಿಲ್ಲ. ಅದು ನೋಯಿಸುವ ಉತ್ತರ, ಆದರೂ ಉತ್ತರ. ನಾನು ಅದನ್ನು ಕಿತ್ತುಕೊಂಡು, ಕಡಲ ತುಂಬ ಮರಿಗಳನ್ನು ತುಂಬಿ, ಅವೆಲ್ಲ ಎಲ್ಲಿ ಸತ್ತವೆಂದು ಯೋಚಿಸಲು ಬಿಟ್ಟೆ. ಆಗಲೂ ಬಾಯಿ ಬಿಟ್ಟು ನಿಜ ಹೇಳಬಹುದಿತ್ತು. ತಂಗಿಯ ಮುಖ ನೋಡಿ ಆಗಲಿಲ್ಲ. ತಂಗಿಯ ಮುಖದ ನೆಪದಿಂದ ಆಗಲಿಲ್ಲ.

"ಬುಡು," ಎಂದರು ಅವರು. "ನಿಂಗೂ ಗೊತ್ತಿಲ್ಲ." ಕಣ್ಣು ಮುಚ್ಚಿಕೊಂಡರು. ನಾನು ಹನ್ನೊಂದೂವರೆಯ ಶಿರಾ ಬಸ್ಸಿಗೆ ಹೊರಟೆ. ಎರಡು ವಾರ ಕಳೆಯುವುದರೊಳಗೆ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಕುರಿಯವರು, ಬಂಧುಗಳು, ಮೀನಿನಂಗಡಿಯ ಸಾಬರು ಇದ್ದರು. ಕಡಲ ಕಡೆಯಿಂದ ಯಾರೂ ಬಂದಿರಲಿಲ್ಲ.

ಆ ಒಂದು ಸ್ಲೈಡು ಈಗಲೂ ನನ್ನಲ್ಲಿದೆ. ಮೂರು ಸಲ ತೆಗೆದು ನೋಡಿದ್ದೇನೆ, ಗೋಡೆ ಮೂರು ಸಲವೂ ದಪ್ಪಗೇ ಇತ್ತು. ಆ ತಾಯಿ ಎಷ್ಟುದ್ದವಿತ್ತೆಂಬುದು ಗೊತ್ತಿಲ್ಲ. ಅವರು ನನ್ನ ಮಾತು ನಂಬಿ ಹಾಗೆ ಕೇಳಿದರೋ, ನಂಬದೆ, ನನ್ನಿಂದ ನಿಜ ಹೊರಡಲಿ ಎಂದು ಕೇಳಿದರೋ ಗೊತ್ತಿಲ್ಲ. ಆ ವರ್ಷ ಮೀನು ಯಾಕೆ ಬರಲಿಲ್ಲ ಎಂಬುದು ನನಗೆ ಗೊತ್ತಿಲ್ಲ.